ಗರ್ಭಿಣಿಯೂ ಚಳಿಜ್ವರವೂ

ಚಳಿಜ್ವರವೆಂದರೆ ನಡುಕ, ಕಾವು, ಬೆವರು. ಇಷ್ಟನ್ನು ಶ್ರೋತೃಗಳೆಲ್ಲರೂ ಬಲ್ಲರು. ಈ ಮಲೇರಿಯಾ ರೋಗಕ್ಕೆ ಕಾರಣವಾದ ಏಕಕೋಶಜೀವಿಯನ್ನು 1880ರಲ್ಲಿ ಲಾವೆರಾನ್ ಎಂಬ ಫ್ರೆಂಚ್ ವೈದ್ಯನು ಅಲ್ಜೀರಿಯದಲ್ಲಿ ಕಂಡನು. ಅದು ಸೊಳ್ಳೆಯ ಒಡಲಿನಲ್ಲಿ ಬೆಳೆಯುವುದನ್ನು 1897ರಲ್ಲಿ ರೊನಾಲ್ಡ್ ರಾಸನು ಸಿಕಂದರಾಬಾದಿನಲ್ಲಿ ಕಂಡುಹಿಡಿದನು. ಆದರೆ ಗರ್ಭಿಣಿಯರನ್ನು ಅದು ವಿಶೇಷವಾಗಿ ಪೀಡಿಸುವುದರ ಗುಟ್ಟು ತಿಳಿಯಲು ಮತ್ತೆ ಸುಮಾರು ನೂರು ವರ್ಷಗಳು ಹಿಡಿದುವು.

ಮಲೇರಿಯಾ ಬಲವಾಗಿ ನೆಲೆಸಿರುವ ಆಫ್ರಿಕದ ಸೀಮೆಗಳಲ್ಲಿ ಬೆಳೆದವರಿಗೆ, ಬಾಲ್ಯದಿಂದ ಮತ್ತೆ ಮತ್ತೆ ಜ್ವರ ಬಂದು, ಪ್ರಾಯದ ವೇಳೆಗೆ ಅದನ್ನು ತಡೆಯುವ ಶಕ್ತಿಯು ಬಹುಮಟ್ಟಿಗೆ ಉಂಟಾಗಿರುವುದು. ಆದರೂ ಅಂತಹ ಹೆಂಗಸೇ ಚೊಚ್ಚಲ ಬಸುರಿಯಾದಾಗ ರೋಗಕ್ಕೆ ಸುಲಭವಾಗಿ ಈಡಾಗುವಳು. ಮುಂದಿನ ಬಸಿರುಗಳಲ್ಲಿ ಅಪಾಯವು ಕಡಮೆಯಾಗುವುದು. ಇದೇಕೆ?

ಫಾಲ್ಸಿಪೇರಮ್ ಎಂಬ ಜಾತಿಯ ಮಲೇರಿಯಾ ಜೀವಿಯು ಕೆಂಪು ರಕ್ತಕಣವನ್ನು ಹೊಕ್ಕ ಮೇಲೆ, ಕಣದ ಹೊರಮೈಯಲ್ಲಿ ಅಂಟಿನಂತಹ ಪ್ರೋಟೀನನ್ನು ಹೊಮ್ಮಿಸುವುದು. ಇದರ ಬಲದಿಂದ ಕಣವು ಸಣ್ಣ ರಕ್ತನಾಳಗಳ ಗೋಡೆಯನ್ನು ಹಿಡಿದು, ರಕ್ತವನ್ನು ಸೋಸುವ ಗುಲ್ಮದಿಂದ ತಪ್ಪಿಸಿಕೊಳ್ಳುವುದು. ಶಿಶುವಿಗೆ ಆಹಾರವನ್ನೂ ಪ್ರಾಣವಾಯುವನ್ನೂ ಒದಗಿಸುವ ಮಾಸಿನಲ್ಲಿಯಾದರೋ ಹಿಡಿತಕ್ಕೆ ಬೇರೊಂದು ಆಸರೆಯುಂಟು. ಅದರ ಹೆಸರು ಕಾಂಡ್ರಾಯಿಟಿನ್ ಸಲ್ಫೇಟ್ ಎ. ಮಾಸಿನಲ್ಲಿ ನೆಲೆಸುವ ಕಣಗಳು ಇದಕ್ಕೇ ಅಂಟುವುವೆಂದು 1996ರಲ್ಲಿ ಫ್ರೈಡ್ ಮತ್ತು ಡಫಿ ಎಂಬ ಸಂಶೋಧಕರು ತೋರಿಸಿದರು. ಮೊದಲ ಬಸಿರಿನವಳ ದೇಹಕ್ಕೆ ಈ ಹೊಸ ಅಂಟಿನ ಪರಿಚಯವೇ ಇಲ್ಲ. ಒಂದೆರಡು ಬಸಿರುಗಳ ತರುವಾಯ ಅದನ್ನು ತಡೆಯುವ ಪ್ರತಿಕಾಯಗಳು ಹುಟ್ಟುವುವು.

ಇದರ ಪರಿಣಾಮವು ಘೋರವಾದುದು. ತಾಯಿಗೆ ರಕ್ತಹೀನತೆ, ಶಿಶುವಿಗೆ ಪೋಷಣೆಯ ಕೊರತೆ. ಗರ್ಭಪಾತವಾಗಬಹುದು, ಮಗು ಸತ್ತು ಹುಟ್ಟಬಹುದು, ಇಲ್ಲವೆ 2500 ಗ್ರಾಮಿಗಿಂತ ಕಡಮೆ ತೂಕದ್ದಾಗಿ ಹುಟ್ಟಬಹುದು. ಕಣಗಳು ಮಾಸಿನಲ್ಲಿ ಅಡಗಿರುವಾಗ ಬೆರಳಿನಿಂದ ತೆಗೆದ ರಕ್ತದಲ್ಲಿ ಜೀವಿಯು ಕಾಣದೆಯೂ ಹೋಗಬಹುದು. ಆದುದರಿಂದ ಒಂದು ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದು ಜ್ವರವನ್ನು ಅಲಕ್ಷಿಸತಕ್ಕದ್ದಲ್ಲ.

ನಮ್ಮ ದೇಶದ ಬಹುಭಾಗದಲ್ಲಿ ಮಲೇರಿಯಾ ಅಷ್ಟು ನಿರಂತರವಾಗಿಲ್ಲ. ಇದು ಭಾಗ್ಯವೇ ಸರಿ. ಆದರೆ ಅದೇ ಕಾರಣದಿಂದ ನಮ್ಮವರಲ್ಲಿ ತಡೆಯುವ ಶಕ್ತಿಯೂ ಅಲ್ಪ. ಇಲ್ಲಿ ಎಷ್ಟನೆಯ ಬಸಿರಾದರೂ ಭಯವು ತಪ್ಪಿದ್ದಲ್ಲ. ವೈವಾಕ್ಸ್ ಎಂಬ ಇನ್ನೊಂದು ಜಾತಿಯೂ ರಕ್ತಹೀನತೆಯನ್ನು ತಂದು ಶಿಶುವಿನ ತೂಕವನ್ನು ತಗ್ಗಿಸುವುದು.

ಬಸುರಿಗೆ ಮದ್ದೇ ಕೂಡದೆಂಬ ನಂಬಿಕೆಯು ಹಲವು ಮನೆಗಳಲ್ಲಿ ಇದೆ. ಪ್ರಿಮಾಕ್ವಿನ್ನಿನಂತಹ ಕೆಲವು ಔಷಧಗಳು ಆಕೆಗೆ ವರ್ಜ್ಯವೆಂಬುದು ನಿಜ. ಆದರೆ ಫಾಲ್ಸಿಪೇರಮ್ ಜ್ವರಕ್ಕೆ ಆರ್ಟಿಮೀಥರ್ ಮತ್ತು ಲ್ಯುಮೆಫಾಂಟ್ರಿನ್ ಎಂಬ ಜೋಡಿ ಔಷಧವನ್ನು ಮೊದಲ ಮೂರು ತಿಂಗಳುಗಳಲ್ಲಿಯೂ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸೂಚಿಸಿತು. ಯಾವ ಮದ್ದೆಂಬುದನ್ನು ವೈದ್ಯರು ನಿರ್ಣಯಿಸಲಿ. ಸೊಳ್ಳೆಪರದೆಯನ್ನು ಕಟ್ಟುವುದೂ, ಬಸುರಿಗೆ ಜ್ವರ ಬಂದ ದಿನವೇ ರಕ್ತಪರೀಕ್ಷೆ ಮಾಡಿಸುವುದೂ ಮನೆಯವರ ಕರ್ತವ್ಯ. ಕಾದು ನೋಡುವ ಒಂದೊಂದು ದಿನವೂ ಎರಡು ಜೀವಗಳಿಗೆ ಅಪಾಯ.