ಹೈದರಾಬಾದಿನ ಬಾಡಿಗೆ ಮನೆ: ಹೊಸ್ತಿಲು ದಾಟುವ ಹಕ್ಕು ಯಾರದು?

ಮನೆಯನ್ನು ಬಾಡಿಗೆಗೆ ಕೊಟ್ಟ ಮೇಲೆ ಒಡೆತನ ಮಾಲೀಕರಲ್ಲೇ ಉಳಿಯುತ್ತದೆ, ಸ್ವಾಧೀನ ಬಾಡಿಗೆದಾರರದಾಗುತ್ತದೆ. ಮಾಲೀಕರು ಯಾವಾಗ ಒಳಗೆ ಬರಬಹುದು ಎಂಬ ತಕರಾರು ಹುಟ್ಟುವುದು ಈ ಎರಡರ ನಡುವೆ. ಹೈದರಾಬಾದಿನ ಬಾಡಿಗೆ ಕಾನೂನು ಅದನ್ನು ನೇರವಾಗಿ ಮುಟ್ಟಲೇ ಇಲ್ಲ.

ಹೈದರಾಬಾದ್ ರಾಜ್ಯ 1954ರಲ್ಲಿ ಮನೆ ಬಾಡಿಗೆ ನಿಯಂತ್ರಣ ಕಾಯ್ದೆ ತಂದಾಗ ಬೀದರ್, ಕಲಬುರಗಿ, ರಾಯಚೂರು ಕೂಡ ಅದೇ ರಾಜ್ಯದಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯ ನಂತರ ಆಂಧ್ರಪ್ರದೇಶ 1960ರಲ್ಲಿ ಹೊಸ ಕಾಯ್ದೆ ಮಾಡಿತು. ಬಾಡಿಗೆ ಎಷ್ಟಿರಬೇಕು, ಯಾವ ಕಾರಣಕ್ಕೆ ಮನೆ ಬಿಡಿಸಬಹುದು ಎಂಬುದೇ ಅದರ ಮುಖ್ಯ ಚಿಂತೆ. ಸಕಾರಣವಿಲ್ಲದೆ ಬಾಡಿಗೆದಾರರ ಸೌಕರ್ಯ ಕಡಿಯಬಾರದೆಂದೂ ಅದು ಹೇಳಿತು. ಮಾಲೀಕರು ಎಷ್ಟು ಹೊತ್ತಿಗೆ ಬಾಗಿಲು ತಟ್ಟಬಹುದು ಎಂಬ ಮಾತು ಅದರಲ್ಲಿ ಬರಲಿಲ್ಲ. ಮನೆಗಳ ಕೊರತೆಯಿದ್ದ ಆ ಕಾಲದಲ್ಲಿ ಬೀದಿಗೆ ಬೀಳುವ ಭಯವೇ ದೊಡ್ಡದಾಗಿತ್ತು.

2005ರ ತಿದ್ದುಪಡಿಯು ಮಹಾನಗರಪಾಲಿಕೆ ವ್ಯಾಪ್ತಿಯಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಕಟ್ಟಡಗಳನ್ನು ಈ ಕಾಯ್ದೆಯಿಂದ ಹೊರಗಿಟ್ಟಿತು. ಅಮೀರ್‌ಪೇಟೆಯಲ್ಲೋ ಮಾಧಾಪುರದಲ್ಲೋ ಇಂದು ಆ ಬಾಡಿಗೆಗೆ ಸಂಸಾರಕ್ಕೊಂದು ಮನೆ ಸಿಗುವುದು ದುರ್ಲಭ. ಹೀಗಾಗಿ ಇಂಥ ಮನೆಗಳಿಗೆ ಆಧಾರವಾಗಿರುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ.

ಅದರ 108ನೇ ಕಲಮು ಎರಡೂ ಕಡೆಯವರ ಹೊಣೆಯನ್ನು ಹೇಳುತ್ತದೆ. ಬಾಡಿಗೆ ಕಟ್ಟಿ ಕರಾರಿನಂತೆ ನಡೆದುಕೊಳ್ಳುವವರು ಅಡ್ಡಿಯಿಲ್ಲದೆ ಮನೆಯನ್ನು ಅನುಭವಿಸಬಹುದು. ಅದೇ ಹೊತ್ತಿಗೆ, ಮಾಲೀಕರಾಗಲಿ ಅವರ ಪ್ರತಿನಿಧಿಯಾಗಲಿ ಸಮಂಜಸ ವೇಳೆಯಲ್ಲಿ ಬಂದು ಮನೆಯ ಸ್ಥಿತಿ ನೋಡಲು ಬಾಡಿಗೆದಾರರು ಅವಕಾಶ ಕೊಡಬೇಕು. ಬಾಡಿಗೆದಾರರಿಂದಲೇ ಆದ ಹಾನಿ ಕಂಡುಬಂದು ನೋಟಿಸು ಕೊಟ್ಟರೆ ಮೂರು ತಿಂಗಳೊಳಗೆ ಸರಿಪಡಿಸಬೇಕು. ಆದರೆ ‘ಸಮಂಜಸ ವೇಳೆ’ ಯಾವುದೆಂದು ಕಲಮು ಬಿಡಿಸಿ ಹೇಳುವುದಿಲ್ಲ. ಮೇಲಾಗಿ, ಕರಾರಿನಲ್ಲಿ ಬೇರೆ ಷರತ್ತಿದ್ದರೆ ಅದೇ ಮೇಲು. ಹನ್ನೊಂದು ತಿಂಗಳ ಅಚ್ಚು ಕರಾರಿಗೆ ಓದದೆ ಸಹಿ ಹಾಕುವ ರೂಢಿ ಇಲ್ಲಿ ನಿಜಕ್ಕೂ ಅಪಾಯಕಾರಿ.

ಇದರಾಚೆ ದಂಡಸಂಹಿತೆಯ ರಕ್ಷಣೆಯೂ ಇದೆ. ಇನ್ನೊಬ್ಬರ ಸ್ವಾಧೀನದಲ್ಲಿರುವ ಮನೆಗೆ ಅಪರಾಧವೆಸಗಲು, ಬೆದರಿಸಲು, ಅವಮಾನಿಸಲು ಅಥವಾ ಕಿರುಕುಳ ಕೊಡಲು ನುಗ್ಗುವುದು ಅತಿಕ್ರಮ ಪ್ರವೇಶ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 329ನೇ ಕಲಮು. ಕಲಮು ಕೇಳುವುದು ಸ್ವಾಧೀನ ಯಾರದೆಂದು. ಆದ್ದರಿಂದ ಒಡೆತನವೊಂದೇ ಮಾಲೀಕರ ರಕ್ಷಣೆಗೆ ಬರುವುದಿಲ್ಲ.

ಖಾಸಗಿತನದ ಹಕ್ಕು ಬೆಳೆದದ್ದು ಬೇರೊಂದು ದಾರಿಯಲ್ಲಿ. ಪೊಲೀಸರು ರಾತ್ರಿ ಮನೆಗೆ ಬಂದು ತಪಾಸಣೆ ಮಾಡುವುದನ್ನು ಸುಪ್ರೀಂ ಕೋರ್ಟು 1962ರ ಖರಕ್ ಸಿಂಗ್ ಪ್ರಕರಣದಲ್ಲಿ ರದ್ದುಮಾಡಿತು. ಮುಂದಿನ ಮಹತ್ವದ ಹೆಜ್ಜೆಗೆ ಹೈದರಾಬಾದೇ ಕಾರಣ. ಕಲೆಕ್ಟರ್ ಅಧಿಕಾರ ಕೊಟ್ಟ ಯಾರೇ ಆಗಲಿ ಕಟ್ಟಡದೊಳಗೆ ಹೋಗಿ ದಾಖಲೆ ಪರಿಶೀಲಿಸಬಹುದೆಂದು ಆಂಧ್ರಪ್ರದೇಶ ಮುದ್ರಾಂಕ ಕಾಯ್ದೆಗೆ ತಿದ್ದುಪಡಿ ತಂದಿತ್ತು. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು ಹೈದರಾಬಾದಿನ ಜಿಲ್ಲಾ ನೋಂದಣಾಧಿಕಾರಿಯ ಎದುರು ಹೂಡಿದ ಹೋರಾಟದಲ್ಲಿ 2004ರಲ್ಲಿ ಆ ತಿದ್ದುಪಡಿ ಬಿದ್ದುಹೋಯಿತು. ಖಾಸಗಿತನ ಸ್ಥಳಕ್ಕಲ್ಲ, ವ್ಯಕ್ತಿಗೆ ಸೇರಿದ್ದು ಎಂದಿತು ನ್ಯಾಯಾಲಯ. ಬಾಡಿಗೆದಾರರಿಗೆ ಇದಕ್ಕಿಂತ ಬೆಲೆಯುಳ್ಳ ತತ್ತ್ವವಿಲ್ಲ: ಗೋಡೆ ಯಾರದಾದರೂ ಒಳಗಿನ ಬದುಕು ಬಾಳುವವರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಆದರೂ ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ಎದುರಿನ ಹಕ್ಕು. ಮಾಲೀಕರನ್ನು ತಡೆಯಬೇಕಾದರೆ ಸಿವಿಲ್ ನ್ಯಾಯಾಲಯದ ತಡೆಯಾಜ್ಞೆಯೇ ಬೇಕಾಗುತ್ತದೆ.

ಹೊತ್ತುಗೊತ್ತನ್ನು ಸ್ಪಷ್ಟವಾಗಿ ಬರೆದದ್ದು ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ದುರಸ್ತಿಗೋ ಪರಿಶೀಲನೆಗೋ ಬರುವ ಮಾಲೀಕರು 24 ಗಂಟೆ ಮುಂಚೆ ಲಿಖಿತವಾಗಿ ಅಥವಾ ಮೊಬೈಲಿನಂಥ ವಿದ್ಯುನ್ಮಾನ ಮಾಧ್ಯಮದ ಮೂಲಕ ತಿಳಿಸಬೇಕು. ಸೂರ್ಯೋದಯಕ್ಕೆ ಮೊದಲು, ಸೂರ್ಯಾಸ್ತದ ನಂತರ ಬರುವಂತಿಲ್ಲ. ಬೆಂಕಿ, ಪ್ರವಾಹದಂಥ ತುರ್ತಿಗೆ ವಿನಾಯಿತಿ ಇದೆ. ಆದರೆ ರಾಜ್ಯಗಳು ತಮ್ಮದೇ ಕಾಯ್ದೆಯಾಗಿ ತಂದರಷ್ಟೇ ಈ ಮಾದರಿಗೆ ಬಲ. ಅಲ್ಲಿಯವರೆಗೆ 24 ಗಂಟೆಯ ಷರತ್ತನ್ನು ಬಾಡಿಗೆದಾರರು ಕರಾರಿನಲ್ಲೇ ಬರೆಸಿಕೊಳ್ಳಬಹುದು. 108ನೇ ಕಲಮು ಅದಕ್ಕೆ ಅಡ್ಡಬರುವುದಿಲ್ಲ.