ಮಕ್ಕಳ ಸೇವಾಸಂಘಗಳು: ಪದಗ್ರಹಣದ ಮರುದಿನ

ಜುಲೈ ಮಾಸ ಬಂದಿತೆಂದರೆ ನಮ್ಮ ಬೆಂಗಳೂರಿನ ಉತ್ತರ ಭಾಗದ ಅನೇಕ ಪ್ರೌಢಶಾಲೆಗಳಲ್ಲಿ ಪದಗ್ರಹಣ ಸಮಾರಂಭಗಳ ಸಂಭ್ರಮ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳ ಶಾಲೆಗಳಲ್ಲಿ ಇಂಟರ‍್ಯಾಕ್ಟ್ ಸಂಘವೋ, ಪರಿಸರ ಸಂಘವೋ, ಸೇವಾದಳವೋ, ಸ್ಕೌಟ್ಸ್ ಮತ್ತು ಗೈಡ್ಸ್ ತಂಡವೋ ಒಂದಲ್ಲ ಒಂದು ಇದ್ದೇ ಇರುತ್ತದೆ. ಮಕ್ಕಳಿಗೆ ಸೇವೆಯ ರುಚಿ ಹತ್ತಿಸುವ ಇಂತಹ ಸಂಘಗಳ ವಿಷಯದಲ್ಲಿ ನಮಗೆ ಮೊದಲಿನಿಂದಲೂ ಗೌರವ. ಆದರೆ ಕೆಲವು ವರ್ಷಗಳ ಹಿಂದೆ ಯಲಹಂಕದ ಬಳಿಯ ಒಂದು ಶಾಲೆಯ ಇಂಟರ‍್ಯಾಕ್ಟ್ ಸಂಘದ ಪದಗ್ರಹಣಕ್ಕೆ ಉಪನ್ಯಾಸಕರಾಗಿ ಹೋಗಿಬಂದ ಮೇಲೆ ಆ ಗೌರವದ ಜೊತೆಗೆ ಒಂದು ಚಿಂತೆಯೂ ನಮ್ಮೊಳಗೆ ಸೇರಿಕೊಂಡಿತು. ಅದನ್ನು ಸದ್ಭಕ್ತ ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ.

ಅಂದು ಸಮಾರಂಭ ಅಚ್ಚುಕಟ್ಟಾಗಿ ನಡೆಯಿತು. ಪ್ರಾರ್ಥನೆ, ದೀಪ ಬೆಳಗುವುದು, ವರದಿ ವಾಚನ ಎಲ್ಲವೂ ಕ್ರಮವಾಗಿ ಆದವು. ಹಳೆಯ ಅಧ್ಯಕ್ಷೆಯ ಕೊರಳಿನ ಪಟ್ಟಿ ಹೊಸ ಅಧ್ಯಕ್ಷನ ಕೊರಳಿಗೆ ಬಂದಿತು, ಚಪ್ಪಾಳೆ ಮೊಳಗಿತು, ಛಾಯಾಚಿತ್ರಗಳಾದವು. ನಾವೂ ಕಾಯಕ ದಾಸೋಹಗಳನ್ನು ಕುರಿತು ನಾಲ್ಕು ಮಾತನಾಡಿದೆವು. ಕಾರ್ಯಕ್ರಮ ಮುಗಿದು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಪದವಿ ಬಿಟ್ಟುಕೊಟ್ಟ ಆ ಹುಡುಗಿ, ಹತ್ತನೆಯ ತರಗತಿಗೆ ಬಂದವಳು, ಕೈಯಲ್ಲೊಂದು ಇನ್ನೂರು ಪುಟದ ನೋಟುಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಸರ್, ಇದನ್ನ ಯಾರಿಗೆ ಕೊಡ್ಬೇಕು?" ಎಂದು ಕೇಳಿದಳು.

ವಿಚಾರಿಸಿದಾಗ ತಿಳಿದುದಿಷ್ಟು. ಆಕೆ ಮತ್ತು ಆಕೆಯ ಮೂವರು ಗೆಳತಿಯರು ಹಿಂದಿನ ವರ್ಷವೆಲ್ಲ ಶನಿವಾರ ಶಾಲೆ ಬಿಟ್ಟ ಮೇಲೆ ಸಮೀಪದ ಒಂದು ವೃದ್ಧಾಶ್ರಮಕ್ಕೆ ಹೋಗಿ, ಕಣ್ಣು ಮಂಜಾದ ಹಿರಿಯರಿಗೆ ದಿನಪತ್ರಿಕೆ ಓದಿಹೇಳುತ್ತಿದ್ದರು. ಯಾರಿಗೆ ಕಿವಿ ಕೇಳದು, ಯಾರ ಎಡಗಡೆ ಕುಳಿತು ಓದಬೇಕು, ಯಾರು ಮರಣವಾರ್ತೆಯ ಪುಟ ಬೇಡವೆನ್ನುತ್ತಾರೆ, ಇವೆಲ್ಲ ಆ ಪುಸ್ತಕದಲ್ಲಿದ್ದವು. ವರದಿ ವಾಚನದಲ್ಲಿ ಈ ಕೆಲಸಕ್ಕೆ ದೊರೆತದ್ದು ಒಂದೇ ವಾಕ್ಯ. ಹೊಸ ಅಧ್ಯಕ್ಷನಿಗೆ ಬೇರೆ ಉತ್ಸಾಹ: ರಕ್ತದಾನ ಶಿಬಿರ ಏರ್ಪಡಿಸಬೇಕೆಂದು ಅವನ ಹಂಬಲ. (ಹದಿನೆಂಟು ತುಂಬದವರಿಂದ ರಕ್ತ ತೆಗೆಯುವಂತಿಲ್ಲವಾದ್ದರಿಂದ ಪಾಪ, ಅವನು ಕುರ್ಚಿ ಹಾಕಿ ಹಣ್ಣಿನ ರಸ ಹಂಚಬಹುದಷ್ಟೆ.) ಹುಡುಗಿಯ ತಂದೆಯವರಾದರೋ ಎಸ್ಸೆಸ್ಸೆಲ್ಸಿ ವರ್ಷವೆಂದು ಶನಿವಾರದ ಹೊತ್ತನ್ನು ಟ್ಯೂಷನ್‌ಗೆ ಗೊತ್ತುಮಾಡಿಬಿಟ್ಟಿದ್ದರು. ಬರುವ ಶನಿವಾರ ವೃದ್ಧಾಶ್ರಮದ ಜಗಲಿಯಲ್ಲಿ ಕಾದು ಕುಳಿತವರ ಬಳಿಗೆ ಯಾರು ಹೋಗುವರು? ಪಟ್ಟಿಯೇನೋ ಕೈದಾಟಿತು, ಪುಸ್ತಕ ದಾಟಿರಲಿಲ್ಲ.

ಇಂಟರ‍್ಯಾಕ್ಟ್ ಎಂಬುದು ರೋಟರಿ ಸಂಸ್ಥೆಯವರು ಹನ್ನೆರಡರಿಂದ ಹದಿನೆಂಟರ ವಯಸ್ಸಿನ ಮಕ್ಕಳಿಗಾಗಿ ಕಟ್ಟಿದ ವ್ಯವಸ್ಥೆ. 1962ರ ನವೆಂಬರಿನಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದ ಮೆಲ್ಬೋರ್ನ್ ಎಂಬ ಊರಿನ ಪ್ರೌಢಶಾಲೆಯಲ್ಲಿ 23 ವಿದ್ಯಾರ್ಥಿಗಳಿಂದ ಮೊದಲ ಸಂಘ ಆರಂಭವಾಯಿತು. ಎರಡನೆಯದು ಎಲ್ಲಿ ಎಂದು ಕೇಳಿದರೆ ಓದುಗರಿಗೆ ಅಚ್ಚರಿಯಾದೀತು: 1963ರಲ್ಲಿ ನಮ್ಮ ನೆರೆಯ ತಮಿಳುನಾಡಿನ ತಂಜಾವೂರಿನಲ್ಲಿ. ಇಂಟರ್‌ನ್ಯಾಷನಲ್, ಆ್ಯಕ್ಷನ್ ಎಂಬೆರಡು ಪದಗಳನ್ನು ಬೆಸೆದು ಈ ಹೆಸರನ್ನಿಟ್ಟರು. ವರ್ಷಕ್ಕೆ ಕನಿಷ್ಠ ಎರಡು ಕಾರ್ಯಗಳನ್ನು ಮಾಡಬೇಕೆಂಬುದು ನಿಯಮ: ಒಂದು ತಮ್ಮ ಶಾಲೆಗೋ ಊರಿಗೋ ಉಪಕಾರವಾಗುವಂಥದು, ಇನ್ನೊಂದು ದೇಶದೇಶಗಳ ನಡುವಣ ತಿಳಿವಳಿಕೆಯನ್ನು ಬೆಳೆಸುವಂಥದು. ರೋಟರಿಯ ವರ್ಷ ಜುಲೈ ಒಂದರಂದು ಆರಂಭವಾಗುವುದರಿಂದ ಮಕ್ಕಳ ಸಂಘಗಳಲ್ಲಿಯೂ ಅದೇ ಹೊತ್ತಿಗೆ ಹೊಸ ಪದಾಧಿಕಾರಿಗಳು ಬರುತ್ತಾರೆ. ಒಬ್ಬರೇ ಬಹುಕಾಲ ಪೀಠಕ್ಕೆ ಅಂಟಿಕೊಳ್ಳಬಾರದು, ಹಲವರಿಗೆ ಹೊಣೆ ಹೊರುವ ಅವಕಾಶ ದೊರೆಯಬೇಕು ಎಂಬುದು ಇದರ ಹಿಂದಿನ ಆಶಯ. ಆಶಯ ಒಳ್ಳೆಯದೇ.

ತೊಡಕು ಬರುವುದು ನಮ್ಮ ಶಾಲೆಗಳ ಪಂಚಾಂಗದಲ್ಲಿ. ನಮ್ಮಲ್ಲಿ ಪ್ರೌಢಶಾಲೆಯೆಂದರೆ ಎಂಟು, ಒಂಬತ್ತು, ಹತ್ತು, ಮೂರೇ ವರ್ಷ. ಹಿರಿಯರೆಂಬ ಕಾರಣಕ್ಕೆ ಹತ್ತನೆಯ ತರಗತಿಯವರನ್ನೇ ಅಧ್ಯಕ್ಷರನ್ನಾಗಿ ಮಾಡುವ ರೂಢಿ ಅನೇಕ ಕಡೆ ಇದೆ. ಜುಲೈನಲ್ಲಿ ಪಟ್ಟಿ ಧರಿಸಿದ ಮಗು ದಸರಾ ರಜೆಯವರೆಗೆ ಓಡಾಡುತ್ತದೆ. ಆಮೇಲೆ ಪೂರ್ವಸಿದ್ಧತಾ ಪರೀಕ್ಷೆ, ಅದರ ಹಿಂದೆಯೇ ವಾರ್ಷಿಕ ಪರೀಕ್ಷೆ, ಏಪ್ರಿಲ್ ಮೇ ತಿಂಗಳುಗಳಲ್ಲಿ ರಜೆ. ಅಲ್ಲಿಗೆ ಆ ಮಗು ಶಾಲೆಯನ್ನೇ ಬಿಟ್ಟಿರುತ್ತದೆ. ಮುಂದಿನ ಜುಲೈನಲ್ಲಿ ಪಟ್ಟಿ ಒಪ್ಪಿಸಲು ಆಡಿದ ಮಾತಿಗಾಗಿ ಬಂದರೆ ಬಂದೀತು. ಆದ್ದರಿಂದ ಹೆಸರಿಗೆ ಹನ್ನೆರಡು ತಿಂಗಳ ಅಧಿಕಾರ, ಕೆಲಸಕ್ಕೆ ನಾಲ್ಕೋ ಐದೋ ತಿಂಗಳು. ನಾವು ಕಂಡ ಆ ಹುಡುಗಿ ಒಂಬತ್ತರಲ್ಲೇ ಅಧ್ಯಕ್ಷೆಯಾಗಿದ್ದವಳು; ಅದಕ್ಕೇ ಅವಳ ಶನಿವಾರಗಳು ಬೇಸಿಗೆಯವರೆಗೂ ನಡೆದಿದ್ದವು.

ಗಿಡ ನೆಡುವ ಕಾರ್ಯಕ್ರಮವನ್ನೇ ನೋಡಿರಿ. ಜೂನ್ 5ರ ಪರಿಸರ ದಿನಾಚರಣೆಯಂದೋ ಪದಗ್ರಹಣದ ದಿನವೋ ಹೊಂಗೆ, ಬೇವು, ನೇರಳೆಗಳ ಸಸಿ ನೆಡುತ್ತಾರೆ. ಮಳೆಗಾಲ ಮುಗಿಯುವ ತನಕ ಮೇಘರಾಜನೇ ಸಂಘದ ಅಧ್ಯಕ್ಷ, ನೀರಿನ ಚಿಂತೆಯಿಲ್ಲ. ಸಸಿಗೆ ನಿಜವಾಗಿ ಕೊಡ ಹೊತ್ತು ನೀರೆರೆಯಬೇಕಾದ ಕಾಲ ಜನವರಿಯಿಂದ ಮೇ ತಿಂಗಳವರೆಗೆ. ಸರಿಯಾಗಿ ಆ ಹೊತ್ತಿಗೆ ನೆಟ್ಟವರು ಪರೀಕ್ಷೆಯಲ್ಲಿ ಮುಳುಗಿರುತ್ತಾರೆ, ಬಳಿಕ ಶಾಲೆಗೆ ಬೀಗ. ಹೊಸಬರು ಬಂದಾಗ ಒಣಗಿದ ಕಡ್ಡಿಯನ್ನು ಕಿತ್ತು ಅದೇ ಗುಂಡಿಯಲ್ಲಿ ಮತ್ತೊಂದು ಸಸಿಯನ್ನಿಟ್ಟು ಮತ್ತೊಂದು ಚಿತ್ರ ತೆಗೆಸಿಕೊಳ್ಳುತ್ತಾರೆ. ಒಂದೇ ಗುಂಡಿಯಲ್ಲಿ ಮೂರು ವರ್ಷ ಮೂರು ಗಿಡ ನೆಟ್ಟ ಶಾಲೆಯನ್ನು ನಾವು ಬಲ್ಲೆವು. ಶಾಲೆಯ ಹತ್ತಿರವೇ ಮನೆಯಿರುವ ಎಂಟನೆಯ ತರಗತಿಯ ನಾಲ್ಕು ಮಕ್ಕಳಿಗೆ ಬೇಸಿಗೆ ರಜೆಯ ನೀರಿನ ಸರದಿಯನ್ನು ಹಚ್ಚಿ, ಕಾವಲುಗಾರರಿಗೆ ಒಂದು ಮಾತು ಹೇಳಿದರೆ ಮುಗಿಯುವ ಕೆಲಸ ಇದು. ಆದರೆ ಆ ಸರದಿಗೆ ಪದವಿಯಿಲ್ಲ, ಪಟ್ಟಿಯಿಲ್ಲ.

ಪ್ರತಿವರ್ಷ ಅಧ್ಯಕ್ಷರು ಬದಲಾದರೆ ದೀರ್ಘಕಾಲದ ಕಾರ್ಯ ಸಾಧ್ಯವೇ ಇಲ್ಲವೆಂದು ಹೇಳುವವರೂ ಉಂಟು. ಅದನ್ನು ನಾವು ಒಪ್ಪೆವು. ರೋಟರಿಯ ಜಾಗತಿಕ ಅಧ್ಯಕ್ಷರೂ ವರ್ಷಕ್ಕೊಬ್ಬರಂತೆ ಬದಲಾಗುತ್ತಾರೆ. ಆದರೂ ಪೋಲಿಯೊ ನಿರ್ಮೂಲನದ ಕಾರ್ಯವನ್ನು 1985ರಲ್ಲಿ ಕೈಗೆತ್ತಿಕೊಂಡ ಆ ಸಂಸ್ಥೆ ಅದನ್ನು ಕೈಬಿಡಲಿಲ್ಲ. ಸರ್ಕಾರ, ವೈದ್ಯರು, ಆರೋಗ್ಯ ಕಾರ್ಯಕರ್ತೆಯರು, ಸೇವಾಸಂಸ್ಥೆಗಳು ಎಲ್ಲರೂ ಸೇರಿ ದುಡಿದ ಫಲವಾಗಿ ನಮ್ಮ ದೇಶದಲ್ಲಿ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಕಂಡಿತು. 2014ರ ಮಾರ್ಚಿಯಲ್ಲಿ ಭಾರತ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಆ ಮಧ್ಯೆ ಎಷ್ಟು ಅಧ್ಯಕ್ಷರು ಬಂದು ಹೋದರೆಂಬುದನ್ನು ಓದುಗರೇ ಎಣಿಸಿಕೊಳ್ಳಬಹುದು. ಬಂದವರು ತಮ್ಮದೇ ಹೊಸ ಕಾರ್ಯವೊಂದಿರಲೆಂದು ಹಟ ಹಿಡಿಯದೆ, ಹಿಂದಿನವರು ಬಿಟ್ಟ ಎಡೆಯಿಂದ ಹೊತ್ತು ನಡೆದರು.

ನಮ್ಮ ನಾಡಿನಲ್ಲಿಯೂ ಈ ಬಗೆಯ ಸೇವೆಯ ಪರಂಪರೆ ಹೊಸತಲ್ಲ. ಧಾರವಾಡದವರಾದ ಡಾ. ನಾ.ಸು. ಹರ್ಡೀಕರರು ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು 1923ರಲ್ಲಿ ಹಿಂದುಸ್ತಾನಿ ಸೇವಾದಳಕ್ಕೆ ಅಡಿಪಾಯ ಹಾಕಿದರು. ಅದರ ಮಹಿಳಾ ವಿಭಾಗವನ್ನು ಉಮಾಬಾಯಿ ಕುಂದಾಪುರ ಅವರು ಮುನ್ನಡೆಸಿದರು. ಶಿಸ್ತು, ಕವಾಯತು, ಸೇವೆ ಇವನ್ನು ತರುಣರಿಗೆ ಕಲಿಸಿದ ಆ ಚಳವಳಿಯ ಹೆಸರು ಇಂದಿಗೂ ಕನ್ನಡ ಶಾಲೆಗಳ ಸೇವಾದಳದಲ್ಲಿ ಉಳಿದಿದೆ.

ಇಲ್ಲಿ ನಮ್ಮ ಬಾಲ್ಯದ ಒಂದು ಪ್ರಸಂಗವನ್ನು ಹೇಳದೆ ಇರಲಾರೆವು. ನಾವು ಮಠವೊಂದರ ಪ್ರಸಾದ ನಿಲಯದಲ್ಲಿ ಓದುತ್ತಿದ್ದ ದಿನಗಳಲ್ಲಿ ಕಸಗುಡಿಸುವುದು, ನೀರು ಸೇದುವುದು, ಪತ್ರೆ ತರುವುದು, ಉಗ್ರಾಣ ನೋಡಿಕೊಳ್ಳುವುದು ಎಲ್ಲಕ್ಕೂ ಸರದಿಯಿತ್ತು. ನಮ್ಮ ಪಾಲಿಗೆ ಉಗ್ರಾಣ ಬಂದಾಗ ಹಿಂದಿನ ಹುಡುಗ ಕೀಲಿಕೈಯನ್ನು ನಮ್ಮ ಕೈಯಲ್ಲಿಟ್ಟು ಓಡಿಹೋದ. ನಾವು ಅದನ್ನು ಉಡಿದಾರಕ್ಕೆ ಕಟ್ಟಿಕೊಂಡು ಮೆರೆದದ್ದೇ ಮೆರೆದದ್ದು. ಗೋಡೆಯಂಚಿನ ಕೆಳಗಿನ ಸಾಲಿನ ಮೂಟೆಗಳಿಗೆ ಮಳೆನೀರು ಒಸರುತ್ತದೆ, ವಾರಕ್ಕೊಮ್ಮೆ ಅವನ್ನು ಹೊರಳಿಸಬೇಕು ಎಂಬುದನ್ನು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಎರಡು ಮೂಟೆ ರಾಗಿ ಮುಗ್ಗಿತು. ಅಂದು ಹಿರಿಯ ಶ್ರೀಗಳು ನಮ್ಮನ್ನು ಬೈಯಲಿಲ್ಲ. ನಮ್ಮಿಬ್ಬರನ್ನೂ ಕರೆದು, "ಅವನು ನಿನಗೆ ಕೀಲಿಕೈ ಕೊಟ್ಟ, ಉಗ್ರಾಣ ಕೊಡಲಿಲ್ಲ" ಎಂದರು. ಅಂದಿನಿಂದ ಸರದಿ ಬದಲಾಗುವಾಗ ಹಳಬನೂ ಹೊಸಬನೂ ಮೂರು ದಿನ ಒಟ್ಟಿಗೆ ಕೆಲಸ ಮಾಡಬೇಕೆಂದು ಕಟ್ಟಳೆಯಾಯಿತು. ಮುಗ್ಗಿದ ರಾಗಿಯ ಆ ವಾಸನೆ ಇಷ್ಟು ವರ್ಷಗಳ ಮೇಲೂ ನಮ್ಮ ಮೂಗಿನಲ್ಲಿದೆ.

ಮಠಪರಂಪರೆಯಲ್ಲಿ ಉತ್ತರಾಧಿಕಾರಕ್ಕೆ ಇರುವ ಮಹತ್ತ್ವ ಸಮಾಜಬಾಂಧವರಿಗೆ ತಿಳಿದದ್ದೇ. ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 1988ರಲ್ಲಿಯೇ ಶ್ರೀ ಸಿದ್ಧಲಿಂಗ ಸ್ವಾಮಿಗಳವರನ್ನು ಉತ್ತರಾಧಿಕಾರಿಯನ್ನಾಗಿ ಮಾಡಿಕೊಂಡು, ಮೂರು ದಶಕಗಳ ಕಾಲ ಜೊತೆಯಲ್ಲಿಟ್ಟುಕೊಂಡು ಕಾರ್ಯ ನಡೆಸಿದರು. 2019ರ ಜನವರಿ 21ರಂದು ಪೂಜ್ಯರು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆಯೇ ಆ ಸುದ್ದಿಯನ್ನು ಹೊರಡಿಸಲಾಯಿತೆಂದು ಪತ್ರಿಕೆಗಳು ವರದಿಮಾಡಿದ್ದವು. ಅಂತಹ ದಿನದಲ್ಲಿಯೂ ಸಾವಿರಾರು ಮಕ್ಕಳ ತಟ್ಟೆಗೆ ಅನ್ನ ಬಿದ್ದಿತ್ತು.

ಶೂನ್ಯಸಂಪಾದನೆಯ ಸಿದ್ಧರಾಮೇಶ್ವರರ ಪ್ರಸಂಗವೂ ಈ ಸಂದರ್ಭದಲ್ಲಿ ನೆನಪಾಗುತ್ತದೆ. ಇಂದು ಸೊಲ್ಲಾಪುರವೆನಿಸಿರುವ ಸೊನ್ನಲಿಗೆಯಲ್ಲಿ ಸಿದ್ಧರಾಮರು ಕೆರೆ ಕಟ್ಟಿಸುತ್ತಿದ್ದರು. ಜನೋಪಕಾರದಲ್ಲಿ ಅವರಿಗೆ ಸಮನಾದವರಿರಲಿಲ್ಲ. ಅಲ್ಲಿಗೆ ಬಂದ ಅಲ್ಲಮಪ್ರಭುಗಳು ಅವರನ್ನು ಒಡ್ಡನೆಂದು ಕರೆದಾಗ ಶಿಷ್ಯರು ಕೆರಳಿದರು. ಪ್ರಭುಗಳು ಕೆರೆ ಬೇಡವೆಂದದ್ದಲ್ಲ. ಕಟ್ಟಿದವನು ನಾನೆಂಬ ಭಾವವನ್ನು ಕೆಣಕಿದರು ಎಂದು ನಾವು ತಿಳಿಯುತ್ತೇವೆ. ಮುಂದೆ ಅದೇ ಸಿದ್ಧರಾಮರು ಕಲ್ಯಾಣಕ್ಕೆ ಬಂದು, ಅಲ್ಲಮಪ್ರಭುಗಳ ಮತ್ತು ಚನ್ನಬಸವಣ್ಣನವರ ತರುವಾಯ ಶೂನ್ಯಸಿಂಹಾಸನವನ್ನು ಏರಿದರೆಂದು ಪರಂಪರೆ ಹೇಳುತ್ತದೆ. ಕಟ್ಟಿದ ಕೆರೆಯನ್ನು ಬಿಟ್ಟುಬರಬಲ್ಲವರಿಗೆ ಪೀಠ ಒಲಿಯಿತು. ಸೊಲ್ಲಾಪುರದ ಕೆರೆಯ ನಡುವೆ ಅವರ ಗುಡಿ ಇಂದಿಗೂ ಇದೆ.

ತಂದೆತಾಯಂದಿರಿಗೆ ನಮ್ಮದೊಂದು ವಿನಂತಿ. ಮಗ ಅಥವಾ ಮಗಳು ಅಧ್ಯಕ್ಷಪದವಿಗೆ ನಿಂತಾಗ ನಾವೆಲ್ಲ ಹಿಗ್ಗುತ್ತೇವೆ, ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕುತ್ತೇವೆ. ಹತ್ತನೆಯ ತರಗತಿ ಬಂದೊಡನೆ ಅದೇ ಸಂಘವನ್ನು ಕಾಲಹರಣವೆನ್ನುತ್ತೇವೆ. ಮಕ್ಕಳ ವಿದ್ಯಾಭ್ಯಾಸ ಮುಖ್ಯವಲ್ಲವೆಂದು ಮಠದಲ್ಲಿ ಓದಿ ಬೆಳೆದ ನಾವು ಹೇಳುವೆವೇ? ಸೇವೆಯನ್ನು ಬಿಡಿಸುವ ಮುನ್ನ ಅದನ್ನು ಇನ್ನೊಬ್ಬರಿಗೆ ದಾಟಿಸಲು ಮಗುವಿಗೆ ಒಂದು ತಿಂಗಳ ಶನಿವಾರಗಳನ್ನು ಕೊಡಿರಿ, ಅಷ್ಟೇ. ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಮನೆಗಳು ಇನ್ನೂ ಬೇಗ ಬಾಗಿಲು ಹಾಕುತ್ತವೆ ಎಂಬುದನ್ನೂ ನೋವಿನಿಂದಲೇ ಬರೆಯಬೇಕಾಗಿದೆ. ಶಿಕ್ಷಕರಲ್ಲಿಯೂ ಒಂದು ಮಾತು. ಒಂಬತ್ತನೆಯವರನ್ನು ಅಧ್ಯಕ್ಷರನ್ನಾಗಿ, ಎಂಟನೆಯವರನ್ನು ಕಾರ್ಯದರ್ಶಿಗಳನ್ನಾಗಿ ಮಾಡಿದರೆ ಪದವಿ ಬಿಟ್ಟವರು ಇನ್ನೊಂದು ವರ್ಷ ಕಣ್ಣೆದುರಿಗೇ ಇರುತ್ತಾರೆ, ಕೇಳಿದರೆ ಹೇಳುತ್ತಾರೆ.

ಅಂದು ಆ ನೋಟುಪುಸ್ತಕವನ್ನು ನಾವು ತೆಗೆದುಕೊಳ್ಳಲಿಲ್ಲ. ಸಂಘದ ಹೊಣೆ ಹೊತ್ತ ಶಿಕ್ಷಕಿಯವರನ್ನು ಕರೆಸಿ, ಹೊಸ ಅಧ್ಯಕ್ಷನನ್ನೂ ಕರೆಸಿ ಅವನ ಕೈಗೆ ಕೊಡಿಸಿದೆವು. ಹುಡುಗ ಹಾಳೆ ತಿರುವಿ ನೋಡಿ, "ಇಷ್ಟೊಂದಾ?" ಎಂದ. ಹುಡುಗಿಯ ತಂದೆಯವರು ಸಭೆಯಲ್ಲಿಯೇ ಇದ್ದರು. ಅವರೊಡನೆ ನಾವು ಮಾತನಾಡಿದೆವು. ಮೊದಲು ಮುಖ ಗಂಟಿಕ್ಕಿದರು, ಕಡೆಗೆ "ನಾಲ್ಕು ಶನಿವಾರ ಮಾತ್ರ ಸ್ವಾಮಿ" ಎಂದರು.

ಮುಂದಿನ ಸಂಗತಿಯನ್ನು ಆ ಶಿಕ್ಷಕಿಯವರೇ ದೂರವಾಣಿಯಲ್ಲಿ ತಿಳಿಸಿದರು. ಮೊದಲ ಶನಿವಾರ ಹುಡುಗ ಪುಸ್ತಕವನ್ನು ಮನೆಯಲ್ಲೇ ಬಿಟ್ಟು ಹೋಗಿದ್ದನಂತೆ. ಮೊದಲ ಪುಟದ ರಾಜಕೀಯ ಸುದ್ದಿಯನ್ನು ಗಟ್ಟಿಯಾಗಿ ಓದತೊಡಗಿದಾಗ ವೃದ್ಧರೊಬ್ಬರು ಮುಖ ತಿರುಗಿಸಿಕೊಂಡರಂತೆ. ಅವರು ಹಿಂದೆ ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಮೂಟೆ ಹೊತ್ತು ಬದುಕಿದವರು. ನೋಟುಪುಸ್ತಕದಲ್ಲಿ ಅವರ ಹೆಸರಿನೆದುರು ಹುಡುಗಿ ಹೀಗೆ ಬರೆದಿದ್ದಳು: "ಮೊದಲು ಈರುಳ್ಳಿ ಧಾರಣೆ. ಆಮೇಲೆ ಬೇರೆ." ಎರಡನೆಯ ಶನಿವಾರ ಆಕೆಯೇ ಜೊತೆಗೆ ಹೋಗಿ ಅವನನ್ನು ಅವರ ಎಡಗಡೆ ಕೂರಿಸಿದಳು. ನಾಲ್ಕನೆಯ ಶನಿವಾರ ಆಕೆ ಬಾಗಿಲಲ್ಲೇ ನಿಂತಿದ್ದಳಂತೆ. ಮುದುಕರು ಹೆಜ್ಜೆಯ ಸಪ್ಪಳ ಕೇಳಿ, "ಏನಪ್ಪಾ, ಈರುಳ್ಳಿ ಎಷ್ಟಕ್ಕೆ ಹೋಯ್ತು ಇವತ್ತು?" ಎಂದರು. ಹುಡುಗ ಆಗಲೇ ಪತ್ರಿಕೆಯ ಒಳಪುಟವನ್ನು ಮಡಿಚಿ ಹಿಡಿದುಕೊಂಡಿದ್ದನು.