ತಂದೆ ಇಲ್ಲದ ಮನೆಯಲ್ಲಿ ಮಕ್ಕಳ ಓದು ನಿಲ್ಲಕೂಡದು



ಊರಿನಲ್ಲಿ ಒಂದು ಮನೆಯ ಯಜಮಾನ ತೀರಿಕೊಂಡನೆಂದು ತಿಳಿಯಿರಿ. ದಿನದ ಕಾರ್ಯಗಳು ಮುಗಿದು ನೆಂಟರು ತಮ್ಮ ತಮ್ಮ ಊರಿಗೆ ಹೊರಟುಹೋಗುತ್ತಾರೆ. ಮನೆಯಲ್ಲಿ ಉಳಿದವರು ತಾಯಿ, ಪಿ.ಯು.ಸಿ. ಓದುವ ಮಗ, ಒಂಬತ್ತನೆಯ ತರಗತಿಯ ಮಗಳು. ಇರುವುದು ಮೂರೆಕರೆ ಹೊಲ, ಜೊತೆಗೆ ಸೊಸೈಟಿಯ ಸಾಲ. ಆಗ ಯಾರಾದರೊಬ್ಬ ಹಿರಿಯರು ಹೀಗೆ ಹೇಳುತ್ತಾರೆ: “ಇನ್ನೇನು ಮಾಡಾದು ತಂಗೀ, ಹುಡುಗ ದೊಡ್ಡವನಾಗ್ಯಾನ, ಬೆಂಗಳೂರಿಗೆ ಕೆಲಸಕ್ಕ ಹೋಗಲಿ. ಹುಡುಗಿಗೊಂದು ಗಂಡು ನೋಡಿದರಾಯ್ತು.”

ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಈ ಮಾತು ಹೊಸದಲ್ಲ. ಹೇಳುವವರ ಮನಸ್ಸಿನಲ್ಲಿ ಕೆಡುಕೂ ಇಲ್ಲ. ಆದರೆ ಈ ಸಲಹೆಯಿಂದ ಮನೆಗೆ ನಷ್ಟವೇ ಹೆಚ್ಚು. ಇಂತಹ ಮನೆಗೆ ಇಂದು ದೊರೆಯಬಹುದಾದ ಸಹಾಯದಲ್ಲಿ ದೊಡ್ಡ ಪಾಲು ಬರುವುದು ಮಕ್ಕಳು ಶಾಲೆಯಲ್ಲಿದ್ದರೆ ಮಾತ್ರ. ಶಾಲೆ ಬಿಡಿಸಿದ ದಿನವೇ ಆ ಬಾಗಿಲು ಮುಚ್ಚುತ್ತದೆ. ಆ ಸಹಾಯಗಳು ಯಾವುವು, ಪಡೆಯುವ ಬಗೆ ಹೇಗೆ ಎಂಬುದನ್ನು ಇಲ್ಲಿ ವಿವರಿಸಿದೆ.

ಮೊದಲು ಕಾಗದ ಪತ್ರ

ಬಿತ್ತುವ ಮೊದಲು ಹೊಲ ಹದ ಮಾಡುವಂತೆ, ಅರ್ಜಿ ಹಾಕುವ ಮೊದಲು ಕಾಗದಗಳನ್ನು ಸರಿಪಡಿಸಿಕೊಳ್ಳಬೇಕು.

ಮೊದಲನೆಯದು ಮರಣ ಪ್ರಮಾಣ ಪತ್ರ. ಸಾವನ್ನು 21 ದಿನಗಳೊಳಗೆ ನೋಂದಾಯಿಸಿದರೆ ದಂಡವಿಲ್ಲ, ಅಲೆದಾಟವಿಲ್ಲ. ತಡವಾದಷ್ಟೂ ತೊಡಕು ಹೆಚ್ಚು. ದುಃಖದ ಮನೆಯವರಿಗೆ ಇದು ನೆನಪಾಗುವುದಿಲ್ಲ. ನೆರೆಯವರೇ ಮುಂದಾಗಿ ಮಾಡಿಸಿಕೊಡಬೇಕು.

ಎರಡನೆಯದು ಪೌತಿ ಖಾತೆ. ಹಿರಿಯರು ಇದನ್ನೇ ವಿರಾಸತ್ ಎನ್ನುತ್ತಾರೆ. ಅನೇಕ ಮನೆಗಳಲ್ಲಿ ಯಜಮಾನ ಸತ್ತು ಹತ್ತು ವರ್ಷವಾದರೂ ಪಹಣಿ ಅವನ ಹೆಸರಿನಲ್ಲೇ ಇರುತ್ತದೆ. ಸತ್ತವನ ಹೆಸರಿಗೆ ಬೆಳೆಸಾಲವೂ ಇಲ್ಲ, ಬೆಳೆ ಪರಿಹಾರವೂ ಇಲ್ಲ. ವರ್ಷಕ್ಕೆ 6,000 ರೂಪಾಯಿ ಕೊಡುವ ಪಿ.ಎಂ. ಕಿಸಾನ್ ಹಣವೂ ಬಾರದು. ಮರಣ ಪತ್ರ ಮತ್ತು ವಂಶವೃಕ್ಷ ಸೇರಿಸಿ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಖಾತೆ ಬದಲಾಯಿಸಿಕೊಳ್ಳಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ತೀರಿಕೊಂಡವನ ಪಾಲಿನಲ್ಲಿ ಹೆಂಡತಿಗೂ, ಗಂಡುಮಕ್ಕಳಿಗೂ, ಹೆಣ್ಣುಮಕ್ಕಳಿಗೂ, ಅವನ ತಾಯಿಗೂ ಸಮಾನ ಹಕ್ಕಿದೆ. “ಹೊಲ ನಮ್ಮಣ್ಣನದು, ನೀನು ಸುಮ್ಮನಿರು” ಎಂದು ಮೈದುನರು ಹೇಳಿದ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲ.

ಮೂರನೆಯದು ಆದಾಯ ಮತ್ತು ಜಾತಿ ಪ್ರಮಾಣ ಪತ್ರ. ಆದಾಯ ಪತ್ರವನ್ನು ತಾಯಿಯ ಹೆಸರಿನಲ್ಲಿ ಹೊಸದಾಗಿ ಪಡೆಯಬೇಕು. ತಂದೆ ಇದ್ದಾಗಿನ ಹಳೆಯ ಪತ್ರ ಇಂದಿನ ಸ್ಥಿತಿಯನ್ನು ಹೇಳದು. ಗಬ್ಬೂರು, ಜಾಲಹಳ್ಳಿಯಂತಹ ಹೋಬಳಿ ಸ್ಥಳಗಳ ನಾಡಕಚೇರಿಯಲ್ಲೇ ಇವು ದೊರೆಯುತ್ತವೆ.

ನಾಲ್ಕನೆಯದು ಬ್ಯಾಂಕಿನ ಖಾತೆ. ತಾಯಿಗೂ ಪ್ರತಿಯೊಂದು ಮಗುವಿಗೂ ಬೇರೆ ಬೇರೆ ಖಾತೆಯಿದ್ದು, ಅವು ಆಧಾರ್‌ಗೆ ಜೋಡಣೆಯಾಗಿರಬೇಕು. ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಾದರೂ ಮಂಜೂರಾದ ಹಣ ಖಾತೆಗೆ ಬಂದು ಸೇರುವುದಿಲ್ಲ.

ತಾಯಿಗೆ ಸಲ್ಲುವ ನೆರವು

ಬಡತನ ರೇಖೆಗಿಂತ ಕೆಳಗಿರುವ ಮನೆಯಲ್ಲಿ ದುಡಿಯುವ ಯಜಮಾನ 60 ವರ್ಷದೊಳಗೆ ತೀರಿಕೊಂಡರೆ, ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಿಂದ ಒಂದು ಬಾರಿ 20,000 ರೂಪಾಯಿ ಕೊಡುವ ಏರ್ಪಾಡಿದೆ.

ನಿರ್ಗತಿಕ ವಿಧವಾ ವೇತನವು ನಮ್ಮ ರಾಜ್ಯದಲ್ಲಿ 1984ರಿಂದ ನಡೆದುಬಂದಿದೆ. 2021ರಲ್ಲಿ ಇದನ್ನು ತಿಂಗಳಿಗೆ 600ರಿಂದ 800 ರೂಪಾಯಿಗೆ ಏರಿಸಲಾಯಿತು. ವಿಚ್ಛೇದನ ಪಡೆದ ಹೆಂಗಸರಿಗೆ ಬೇರೆ ಯೋಜನೆಯಿದೆ. ಅದರ ಹೆಸರು ಮನಸ್ವಿನಿ. ಅದಕ್ಕೆ 40ರಿಂದ 64ರ ವಯಸ್ಸು ಎಂಬ ನಿಯಮವುಂಟು. ಎರಡಕ್ಕೂ ಅರ್ಜಿ ಕೊಡುವ ಸ್ಥಳ ನಾಡಕಚೇರಿ. ಬರುತ್ತಿದ್ದ ವೇತನ ನಿಂತುಹೋದರೆ ತಹಶೀಲ್ದಾರರು ನಡೆಸುವ ಪಿಂಚಣಿ ಅದಾಲತ್ತಿನಲ್ಲಿ ಹೇಳಿಕೊಳ್ಳಬಹುದು.

ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟಿನಲ್ಲಿ ಆರಂಭವಾಯಿತು. ಇದರಲ್ಲಿ ತಿಂಗಳಿಗೆ 2,000 ರೂಪಾಯಿ. ಆದರೆ ಈ ಹಣ ಸಲ್ಲುವುದು ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ಬರೆದಿರುವವರಿಗೆ. ಅತ್ತೆಯ ಹೆಸರಿದ್ದರೆ ಹಣ ಅತ್ತೆಯ ಖಾತೆಗೆ ಹೋಗುತ್ತದೆ. ಚೀಟಿಯಲ್ಲಿ ಯಾರ ಹೆಸರು ಹೇಗಿದೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಮಕ್ಕಳಿಗೆ ಸಲ್ಲುವ ನೆರವು

ಅನೇಕರಿಗೆ ಗೊತ್ತಿಲ್ಲದ, ಆದರೆ ಎಲ್ಲಕ್ಕಿಂತ ದೊಡ್ಡ ನೆರವು ಇದು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಎಂಬ ಕಾರ್ಯಕ್ರಮವಿದೆ. ತಾಯಿ ವಿಧವೆಯಾಗಿದ್ದರೆ, ವಿಚ್ಛೇದಿತೆಯಾಗಿದ್ದರೆ ಅಥವಾ ಮನೆಯವರಿಂದ ತ್ಯಜಿಸಲ್ಪಟ್ಟಿದ್ದರೆ, ಅವಳ ಮಗುವಿಗೆ ತಿಂಗಳಿಗೆ 4,000 ರೂಪಾಯಿ ದೊರೆಯುತ್ತದೆ. ವರ್ಷಕ್ಕೆ 48,000 ಆಯಿತು. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಮಗು ಶಾಲೆಗೆ ಹೋಗುತ್ತಿರಬೇಕು. 18 ತುಂಬಿದ ಮೇಲೆ ಈ ನೆರವು ನಿಲ್ಲುತ್ತದೆ. ಆದುದರಿಂದ ಪಿ.ಯು.ಸಿ. ಓದುವ ಮಗನ ಅರ್ಜಿಯನ್ನು ಮುಂದೂಡಿದರೆ ಕಾಲವೇ ಮೀರಿಹೋದೀತು. ಇದಕ್ಕಾಗಿ ರಾಯಚೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕಾಣಬೇಕು. ಮೊದಲ ವಿಚಾರಣೆಗೆ ಊರಿನ ಅಂಗನವಾಡಿ ಕಾರ್ಯಕರ್ತೆ ಅಥವಾ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ ಕಚೇರಿ ಹತ್ತಿರವಾಗುತ್ತದೆ. ಮಂಜೂರಾತಿ ಜಿಲ್ಲಾ ಸಮಿತಿಯ ಕೈಯಲ್ಲಿದೆ. ಕೇಳಿದವರಿಗೆಲ್ಲ ತಕ್ಷಣ ಸಿಗುವುದಿಲ್ಲ. ಆದರೆ ಕೇಳದವರಿಗೆ ಎಂದೂ ಸಿಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ವಿಧವಾ ವೇತನ 800, ಗೃಹಲಕ್ಷ್ಮಿ 2,000, ಒಂದು ಮಗುವಿನ ಪ್ರಾಯೋಜಕತ್ವ 4,000. ಮೂರೂ ಮಂಜೂರಾದರೆ ತಿಂಗಳಿಗೆ 6,800 ರೂಪಾಯಿ. ಇದು ಸಿರಿತನವಲ್ಲ. ಆದರೆ ಹುಡುಗನನ್ನು ದೂರದ ಊರಿನ ಕೆಲಸಕ್ಕೆ ಕಳಿಸದೆ ವರ್ಷ ದಾಟಿಸಲು ಇದು ಆಸರೆಯಾಗುತ್ತದೆ.

ವಿದ್ಯಾರ್ಥಿವೇತನ, ಹಾಸ್ಟೆಲು, ಬಸ್ಸು

ಹತ್ತನೆಯ ತರಗತಿಯ ನಂತರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಹಾಗೂ ಅಲ್ಪಸಂಖ್ಯಾತರ ಮಕ್ಕಳಿಗೆ ವಿದ್ಯಾರ್ಥಿವೇತನವೂ ಉಚಿತ ಹಾಸ್ಟೆಲೂ ಇವೆ. ಹಾಸ್ಟೆಲಿನಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿ ಯೋಜನೆಯಿಂದ ಹತ್ತು ತಿಂಗಳು ಊಟ ವಸತಿಯ ಖರ್ಚು ಕೊಡುತ್ತಾರೆ. ವಿದ್ಯಾರ್ಥಿವೇತನದ ಅರ್ಜಿಯನ್ನು ಎಸ್.ಎಸ್.ಪಿ. ಎಂಬ ರಾಜ್ಯದ ಜಾಲತಾಣದಲ್ಲಿ ಪ್ರತಿ ವರ್ಷ ತುಂಬಬೇಕು. ಕಡೆಯ ದಿನಾಂಕವನ್ನು ಕಾಲೇಜಿನಲ್ಲಿ ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೀಟಿನ ಹಣವಿಲ್ಲ. ಹಳ್ಳಿಯಿಂದ ದೇವದುರ್ಗಕ್ಕೋ ಮಾನ್ವಿಗೋ ಕಾಲೇಜಿಗೆ ಹೋಗಿಬರಲು ಖರ್ಚು ಎಂಬ ನೆಪ ಈಗ ಉಳಿದಿಲ್ಲ. ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಕಾಯಿದೆಯಂತೆ ಅಪರಾಧ. ಅಂತಹ ಒತ್ತಾಯ ಬಂದರೆ 1098ಕ್ಕೆ ದೂರವಾಣಿ ಮಾಡಬಹುದು, ಅದಕ್ಕೆ ಶುಲ್ಕವಿಲ್ಲ.

ಪಿ.ಯು.ಸಿ. ಮುಗಿಸುವ ಮಕ್ಕಳು 371(ಜೆ) ಪ್ರಮಾಣ ಪತ್ರವನ್ನು ಮರೆಯಕೂಡದು. ಉಪವಿಭಾಗಾಧಿಕಾರಿಯವರು ಕೊಡುವ ಈ ಪತ್ರವಿದ್ದರೆ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಸೀಟುಗಳಲ್ಲಿಯೂ ಸರಕಾರಿ ಕೆಲಸಗಳಲ್ಲಿಯೂ ಮೀಸಲಾತಿ ದೊರೆಯುತ್ತದೆ.

ತಂದೆಯೊಬ್ಬನೇ ಮಕ್ಕಳನ್ನು ಸಾಕುವ ಮನೆಗಳೂ ಉಂಟು. ಅಲ್ಲಿ ತಂದೆಗೆ ವೇತನವಿಲ್ಲದಿದ್ದರೂ ಮಕ್ಕಳ ವಿದ್ಯಾರ್ಥಿವೇತನ, ಹಾಸ್ಟೆಲುಗಳಿಗೆ ಅಡ್ಡಿಯಿಲ್ಲ.

ಊರವರ ಕರ್ತವ್ಯ

ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ಹಿರಿಯರು ಹೇಳಿದ್ದಾರೆ. ಆದರೆ ತೂರುವುದು ಒಬ್ಬರ ಕೆಲಸವಲ್ಲ. ಮೊರ ಎತ್ತಿಕೊಡುವವರು ಇನ್ನೊಬ್ಬರು ಬೇಕು. ಹೊಲ, ಕೂಲಿ, ಅಡಿಗೆ ಎಲ್ಲವನ್ನೂ ಒಬ್ಬಳೇ ನೋಡುವ ತಾಯಿ ನಾಲ್ಕು ಕಚೇರಿ ಅಲೆಯುವುದು ಹೇಗೆ? ಓದುಬರಹ ಬಲ್ಲ ನೆರೆಯವನೊಬ್ಬ ಒಂದು ದಿನ ಅವಳ ಜೊತೆ ನಾಡಕಚೇರಿಗೆ ಹೋಗಿಬಂದರೆ ಅರ್ಧ ಕೆಲಸ ಆದಂತೆ. ಅರ್ಜಿಯ ರಸೀದಿಯನ್ನು ತಪ್ಪದೆ ಪಡೆಯಬೇಕು. ಮಧ್ಯವರ್ತಿಗಳಿಗೆ ಹಣ ಕೊಡಕೂಡದು.

ಮುಂದಿನ ಬಾರಿ ಯಾರಾದರೂ “ಹುಡುಗ ಕೆಲಸಕ್ಕ ಹೋಗಲಿ” ಎಂದಾಗ, “ಮೊದಲು ಅರ್ಜಿ ಹಾಕಿ ನೋಡೋಣ” ಎಂದು ಹೇಳುವವರು ನಿಮ್ಮ ಊರಿನಲ್ಲಿ ಒಬ್ಬರಾದರೂ ಇರಲಿ.